ನಕ್ಷೆಗೆ ಸಿಗದ ಶಿಖರ

ಮೂರು ವರ್ಷದ ಹಿಂದೆ ಪ್ಲೆಸೆಂಟನ್‌ನ ಒಂದು ನಕ್ಷೆ ಕಂಪನಿಯಲ್ಲಿದ್ದೆ. ಅಂಟಾರ್ಕ್ಟಿಕಾದ ಜಾಗಗಳಿಗೆ ಹೆಸರಿಡಿ ಎಂದು ಬರುವ ಅರ್ಜಿಗಳು ಸಮಿತಿಗೆ ಹೋಗುವ ಮುನ್ನ ಅವುಗಳ ಪುರಾವೆ ತೂಗುವುದು ನನ್ನ ಕೆಲಸ. ಕಾಲೇಜಿನ ಡಿಬೇಟ್ ತಂಡದಲ್ಲಿ ಪಳಗಿದವಳು ನಾನು, "ಆಧಾರ?" ಅಂತ ಕೇಳದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ.

ಪಕ್ಕದ ಊರು ಫ್ರೀಮಾಂಟ್‌ನ ಗಿರಿಜಾ ಆಂಟಿಯ ಅರ್ಜಿ ನೋಡಿ ಮೂಗು ಮುರಿದೆ. ಧಾರವಾಡದ ಕಡೆಯವರು. ತೀರಿಕೊಂಡ ಗಂಡ ಬಸವರಾಜ್ ಸರ್ವೆ ತಂಡದ ಸಹಾಯಕರಾಗಿ ಅಂಟಾರ್ಕ್ಟಿಕಾಕ್ಕೆ ಹೋಗಿದ್ದರು. ಒಂದು ನುನಾಟಕ್, ಅಂದರೆ ಹಿಮನದಿಯನ್ನು ಸೀಳಿಕೊಂಡು ಮೇಲೆದ್ದ ಬಂಡೆಶಿಖರ, ಮೊದಲು ಗುರುತಿಸಿದ್ದು ಅವರೇ ಅಂತೆ. ಅದಕ್ಕೆ ಅವರ ಹೆಸರಿಡಬೇಕಂತೆ. ತಂಡದ ವರದಿಯಲ್ಲಿ ಶಿಖರದ ಮಾತೇ ಇಲ್ಲ. ಇದ್ದದ್ದು ಅವರ ನೋಟ್‌ಬುಕ್ಕಿನ ಒಂದು ಪುಟದ ನಕಲು: ಕ್ಯಾಂಪಿನ ಜಾಗ, ಶಿಖರ ಕಂಡ ದಿಕ್ಕಿನ ಡಿಗ್ರಿ, ಒಂದು ಪೆನ್ಸಿಲ್ ಚಿತ್ರ.

ಸ್ಯಾಟಲೈಟ್ ಚಿತ್ರದ ಮೇಲೆ ಕ್ಯಾಂಪಿನ ಜಾಗದಿಂದ ಆ ಡಿಗ್ರಿಗೆ ಗೆರೆ ಎಳೆದೆ. ಬರೀ ಹಿಮ. 'ಪುರಾವೆ ನಂಬಲರ್ಹವಲ್ಲ' ಅಂತ ಫೈಲಿಗೆ ಬರೆದೆ. ಅಂಕಿಯನ್ನು ಆಮೇಲೆ ಯಾರಾದರೂ ತಿದ್ದಿದರೋ ಎಂಬ ಗುಮಾನಿಯಿಂದ, ಮೂಲ ನೋಟ್‌ಬುಕ್ ನೋಡಲು ಶನಿವಾರ ಆಂಟಿಯ ಮನೆಗೇ ಹೋದೆ. ಫೈಲಿನಲ್ಲಿ ನಾನು ಬರೆದದ್ದನ್ನೂ ಹೇಳಿದೆ.

"ನಮ್ಮ ಮನೀಯವರು ಸುಳ್ಳು ಬರದಾರಂತೀಯೇನವಾ?"

"ಸುಳ್ಳು ಅಂತಿಲ್ಲ ಆಂಟಿ. ಸಾಕ್ಷಿ ಸಾಲದು ಅಂತಿದೀನಿ."

"ಛಲೋ ಮಾತಾಡ್ತೀ ಬಿಡು! ಹೊಡದು, ಬರೇ ಮುಟ್ಟೇನಿ ಅಂದಂಗಾತು."

ನೋಟ್‌ಬುಕ್ ಬಿಡಿಸಿ ನೋಡಿದೆ, ಅಂಕಿ ತಿದ್ದಿರಲಿಲ್ಲ. ಆಂಟಿ ಒಳಗೆ ಹೋಗಿ ಒಂದು ಹಳೇ ದಿಕ್ಸೂಚಿ ತಂದು ನನ್ನ ಮುಂದಿಟ್ಟರು. "ಅವರು ಇದರಾಗ ನೋಡಿ ಬರದಾರ. ನೀ ಯಾತರಾಗ ನೋಡೀದಿ?"

ದಿಕ್ಸೂಚಿಯ ಮುಳ್ಳು ತೋರಿಸುವುದು ಕಾಂತೀಯ ಉತ್ತರವನ್ನು, ನಕ್ಷೆಯ ಉತ್ತರವನ್ನಲ್ಲ. ಬೆಂಗಳೂರಿನಲ್ಲಿ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಧ್ರುವದ ಕಡೆ ಗೆರೆ ಎಲ್ಲಿಂದೆಲ್ಲಿಗೋ ತಿರುಗಿಬಿಡುತ್ತದೆ. ಫೋನಿನ ನಕ್ಷೆ ನೋಡಿಯೇ ಬೆಳೆದ ನಾನು ಆ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯದೇ ಗೆರೆ ಎಳೆದಿದ್ದೆ.

ಆ ವ್ಯತ್ಯಾಸ ವರ್ಷವರ್ಷಕ್ಕೂ ಬದಲಾಗುತ್ತದೆ; ಸೋಮವಾರ, ಬಸವರಾಜ್ ಹೋಗಿದ್ದ ವರ್ಷದ್ದನ್ನು ಹಿಡಿದು ಮತ್ತೆ ಎಳೆದೆ. ಗೆರೆ ಹಿಮದ ನಡುವಿನ ಒಂದು ಕಪ್ಪು ಚುಕ್ಕೆಗೆ, ಒಂದು ಬಂಡೆಗೆ, ಹೋಗಿ ಮುಟ್ಟಿತು. ಆಗಲೂ ನಂಬಲಿಲ್ಲ, ತಪ್ಪು ಮುಚ್ಚಿಕೊಳ್ಳಲು ನಾನೇ ಹೊಂದಿಸುತ್ತಿದ್ದರೆ? ಏನೂ ಹೇಳದೆ ಪೆನ್ಸಿಲ್ ಚಿತ್ರವನ್ನೂ, ಆ ಚುಕ್ಕೆಯ ಶಿಖರವೂ ಸೇರಿ ಐದು ಶಿಖರಗಳ ಫೋಟೋಗಳನ್ನೂ ಪಕ್ಕದ ಟೇಬಲಿನ ಲಿಂಡಾಗೆ ಕೊಟ್ಟೆ. ಅವಳು ತಲೆ ಸೀಳಿದ ಶಿಖರದ ಮೇಲೆ ಬೆರಳಿಟ್ಟಳು. ಅದೇ.

ಫೋನು ಮಾಡಿದೆ. "ಸಿಕ್ತು ಆಂಟಿ. ಶಿಫಾರಸು ಕಳಿಸ್ತಿದೀನಿ."

"ಆತು. ಮತ್ತ ನಂಬಬಾರದಂತ ಬರದಿದ್ದಿಯಲ್ಲ, ಅದು?"

"ಅಳಿಸ್ತೀನಿ."

"ಅಳಸಬ್ಯಾಡ. ಯಾರು ತಪ್ಪಿದ್ರಂತ ಅದರ ಕೆಳಗ ಬರಿ."

ನನ್ನ ಹೆಸರು ಹಾಕಿ ಬರೆದೆ. ಎಂಟು ತಿಂಗಳಿಗೆ ಸಮಿತಿ ಒಪ್ಪಿತು. ಅನುಮಾನಪಡುವುದನ್ನು ನಾನೇನೂ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಇನ್ನೊಬ್ಬರ ಅಂಕಿಯನ್ನು ಅಲ್ಲಗಳೆಯುವ ಮುನ್ನ, ಅವರು ಅದನ್ನು ಹೇಗೆ ಅಳೆದರು ಅಂತ ಕೇಳುವುದನ್ನು ಮಾತ್ರ ಈ ಕೆಲಸ ಕಲಿಸಿತು.