ಗಿರಿಯಮ್ಮನ ಪದ, ಸಿದ್ದರಾಮೇಶನ ಕಂಪ್ಯೂಟರು

ಲಿಂಗಸುಗೂರಿನಲ್ಲಿ ಇಪ್ಪತ್ತೆರಡು ವರ್ಷ ಟೈಪಿಂಗ್ ಕಲಿಸಿದ ಸಿದ್ದರಾಮೇಶ ಹೊಸ ಶಿಷ್ಯರಿಗೆ ಮೊದಲ ದಿನವೇ ಎರಡು ಮಾತು ಹೇಳುತ್ತಿದ್ದ. ಬೇಡದ ಅಕ್ಷರ ಒತ್ತಬೇಡಿ. ಹಾಳೆ ತುಂಬುವ ತನಕ ಕಾಗದ ಹೊರಗೆ ಎಳೆಯಬೇಡಿ. ಟೈಪ್‌ರೈಟರುಗಳು ಗುಜರಿಗೆ ಹೋದ ಮೇಲೆ ಅವನು ಮಸ್ಕಿಗೆ ಬಂದು, ಮನೆಯಲ್ಲೊಂದು ಹಳೆಯ ಕಂಪ್ಯೂಟರು ಇಟ್ಟುಕೊಂಡು ಅರ್ಜಿ, ಕರಾರುಪತ್ರ ಟೈಪು ಮಾಡತೊಡಗಿದ. ಊರು ಬದಲಾಯಿತು, ಯಂತ್ರ ಬದಲಾಯಿತು. ಆ ಎರಡು ಮಾತು ಮಾತ್ರ ಅವನನ್ನು ಬಿಡಲಿಲ್ಲ.

ಅವನ ತಾಯಿ ಗಿರಿಯಮ್ಮನಿಗೆ ಎಪ್ಪತ್ತೆಂಟು. ಒಂದು ಕಾಲಕ್ಕೆ ಸಾಲಗುಂದದಲ್ಲಿ ಅವಳಿಲ್ಲದೆ ಯಾರ ಮನೆಯ ಮದುವೆಯೂ ನಡೆಯುತ್ತಿರಲಿಲ್ಲ. ಅರಿಷಿಣ ಹಚ್ಚುವುದರಿಂದ ಹಿಡಿದು ಹೆಣ್ಣು ಒಪ್ಪಿಸಿಕೊಡುವ ತನಕ ಒಂದೊಂದು ಶಾಸ್ತ್ರಕ್ಕೂ ಒಂದೊಂದು ಸೋಬಾನ ಪದ ಅವಳ ಬಾಯಲ್ಲಿತ್ತು. ಜೊತೆಗೆ ಹಾಡುತ್ತಿದ್ದವರೆಲ್ಲ ತೀರಿಕೊಂಡಿದ್ದರು. ಈಗಿನವರಿಗೋ ಡಿಜೆ ಬೇಕು. ಈ ಪದಗಳು ಅವ್ವನ ಜೊತೆಗೇ ಮಣ್ಣಾಗಬಾರದು, ಪುಸ್ತಕ ಮಾಡಬೇಕು ಎಂದು ಸಿದ್ದರಾಮೇಶ ಹಟ ತೊಟ್ಟ.

ಫೋನಿನಲ್ಲಿ ಹಿಡಿಯೋಣವೆಂದರೆ ಗಿರಿಯಮ್ಮ ಒಲ್ಲೆ ಅಂದಳು. ಹಿಂದೊಮ್ಮೆ ಯಾರೋ ಅವಳ ಒಡಕು ದನಿಯನ್ನು ಊರಿಗೆಲ್ಲ ಹಂಚಿ ನಕ್ಕಿದ್ದರು. ಹೆಂಡತಿ ನಾಗವೇಣಿ, “ಒಂದು ನೋಟ್‌ಬುಕ್ ತಗೊಂಡು ಬರೀರಿ” ಅಂದಳು.

“ಇಪ್ಪತ್ತೆರಡು ವರ್ಷ ಟೈಪಿಂಗ್ ಕಲಿಸಿದವಗ ಪೆನ್ನು ಹಿಡಿ ಅಂತಿಯೇನ?” ಎಂದು ಅವಳ ಬಾಯಿ ಮುಚ್ಚಿಸಿದ. ಜಂಬಕ್ಕೇನು ಕಡಿಮೆ ಇರಲಿಲ್ಲ.

ಗಿರಿಯಮ್ಮ ಒಂದು ಪದ ಮುಗಿಸಿದರೆ ಎಲೆಚೀಲ ಬಿಚ್ಚುವಳು. ಎಲೆ ಮಡಿಚುತ್ತ ಮಾತು ತೆಗೆಯುವಳು. ಯಾರ ಮದುವೆಯಲ್ಲಿ ಹಾಡಿದ್ದು, ಬೀಗರು ಯಾವ ಊರಿನವರು, ಯಾರು ಸಿಟ್ಟಾಗಿ ಊಟ ಬಿಟ್ಟೆದ್ದರು. ಸಿದ್ದರಾಮೇಶ ಕೀಲಿಮಣೆಯಿಂದ ಕೈ ತೆಗೆದು ಕೂರುತ್ತಿದ್ದ. ಹರಟೆ ಪದವಲ್ಲ, ಬೇಡದ ಅಕ್ಷರ ಯಾಕೆ ಒತ್ತಬೇಕು? ದಿನಕ್ಕೊಮ್ಮೆಯಾದರೂ ಒಂದು ಹರಟೆ ಉದ್ದವಾಗಿ, ಅವಳು ಮುಂದಿನ ಪದ ಎತ್ತಿಕೊಳ್ಳುವ ಹೊತ್ತಿಗೆ ಪರದೆ ಕಪ್ಪಾಗಿರುತ್ತಿತ್ತು. ಯಾವ ಗುಂಡಿ ಒತ್ತಿದರೂ ಕಂಪ್ಯೂಟರು ಮಿಸುಕುತ್ತಿರಲಿಲ್ಲ. ಆರಿಸಿ ಹಚ್ಚಿದರೆ ಆವತ್ತು ಟೈಪು ಮಾಡಿದ್ದೆಲ್ಲ ಮಾಯ. ಹಾಳೆ ತುಂಬದೆ ಕಾಗದ ಎಳೆಯದವನಿಗೆ, ಎಲ್ಲ ಪದ ಮುಗಿಯುವ ಮೊದಲು ಸೇವ್ ಮಾಡುವುದೆಂದರೆ ಅರ್ಧ ಬೆಂದ ಅನ್ನ ಇಳಿಸಿದಂತೆ.

“ಯವ್ವಾ, ಮತ್ತ ಮೊದಲಿಂದ ಹೇಳು.”

ಆರು ದಿನದಲ್ಲಿ ಆರು ಸಲ ಅವಳು ಅರಿಷಿಣದ ಪದದಿಂದ ಶುರು ಮಾಡಿದಳು.

ರಿಪೇರಿ ಮಾಡುವ ಆಸೀಮ್ ಸಿಂಧನೂರಿನಿಂದ ಬಸ್ಸಿಗೆ ಬಂದ. ಡಬ್ಬಿ ಬಿಚ್ಚಿ ಧೂಳು ಊದಿದ, ರ‍್ಯಾಮ್ ತೆಗೆದು ಒರೆಸಿ ಹಾಕಿದ. ಎರಡು ತಾಸು ಎದುರಿಗೇ ಕೂತು ಅದನ್ನೂ ಇದನ್ನೂ ಒತ್ತಿ ನೋಡಿದ. ಆ ಹಾಳು ಕಂಪ್ಯೂಟರು ಬೀಗರ ಮುಂದೆ ಕೂತ ಹುಡುಗನಂತೆ ಸಭ್ಯವಾಗಿತ್ತು.

“ಏನೂ ಖರಾಬ್ ಇಲ್ರೀ ಮಾಸ್ತರ,” ಎಂದು ಹೊರಟುಹೋದ.

ಮರುದಿನ ಮತ್ತೆ ನಿಂತಿತು. ಸಿದ್ದರಾಮೇಶನ ಸಿಟ್ಟು ಕಂಪ್ಯೂಟರಿನ ಮೇಲೆ ಇಳಿಯಬೇಕಿತ್ತು, ಇಳಿದದ್ದು ತಾಯಿಯ ಮೇಲೆ.

“ನಿನ್ನ ಹರಟಿಯಿಂದನ ಇಷ್ಟೆಲ್ಲಾ ಆಗಾಕತ್ತೈತಿ! ಪದ ಅಷ್ಟ ಹೇಳು, ಉಳಿದದ್ದು ಯಾರಿಗೆ ಬೇಕಾಗೈತಿ?”

ಗಿರಿಯಮ್ಮ ಎಲೆಚೀಲದ ದಾರ ಬಿಗಿದಳು. “ಆತಪಾ,” ಅಂದಳು. ಅಷ್ಟೇ.

ಎರಡನೆಯ ಸಲ ಆಸೀಮ್ ಬಂದಾಗ ನಾಗವೇಣಿ ಅವನನ್ನು ಕುರ್ಚಿಯಲ್ಲಿ ಕೂರಲು ಬಿಡಲಿಲ್ಲ. “ನೀ ಮುಂದ ಕುಂತ್ರ ಅದು ಕೆಡಂಗಿಲ್ಲ ತಮ್ಮ. ಹಂಗ ಬಿಡು, ಕಟ್ಟಿ ಮ್ಯಾಲ ಕುಂತು ಚಾ ಕುಡಿ.” ಚಹಾ ಮುಗಿಸಿ ಬಂದು ನೋಡಿದರೆ ಪರದೆ ಕಪ್ಪು.

ಆಸೀಮ್ ನಕ್ಕುಬಿಟ್ಟ. “ಐದು ನಿಮಿಷ ಯಾರೂ ಮುಟ್ಟಲಿಲ್ಲಂದ್ರ ಇದು ಮಲಗ್ತೈತ್ರಿ. ಹಳೇದೈತಲ್ಲ, ಮಲಗಿದ್ದು ಏಳಂಗಿಲ್ಲ. ಮಲಗಲಾರದಂಗ ಮಾಡಿದ್ರಾತು.” ಸೆಟ್ಟಿಂಗಿನಲ್ಲಿ ಎರಡು ಕಡೆ ಒತ್ತಿದ. ಎರಡೇ ಕಡೆ. “ನಡುನಡುವ ಒಂದು ಅಕ್ಷರ ಒತ್ತಿದ್ರೂ ಇದು ಮಲಗ್ತಿರಲಿಲ್ರಿ ಮಾಸ್ತರ.”

ಅವ್ವನ ಹರಟೆಯನ್ನೇ ಟೈಪು ಮಾಡುತ್ತ ಕೂತಿದ್ದರೆ ಒಂದು ಪದವೂ ಹೋಗುತ್ತಿರಲಿಲ್ಲ. ಸಿದ್ದರಾಮೇಶನಿಗೆ ನಾಚಿಕೆಯಾಯಿತು.

ಆ ಸಂಜೆ ತಾಯಿಯನ್ನು ಕರೆದು ಕೂರಿಸಿದ. ಗಿರಿಯಮ್ಮ ಎಲೆಚೀಲ ತಂದಿರಲಿಲ್ಲ. ಒಂದರ ಹಿಂದೊಂದು, ಉಸಿರು ತೆಗೆದುಕೊಳ್ಳಲು ಕೂಡ ನಿಲ್ಲದೆ, ಶಾಲೆಯ ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಿದಳು. ಅರ್ಧ ತಾಸಿಗೆ, “ಮುಗೀತು” ಅಂದಳು.

ಮೂವತ್ತು ಪದ ಹೇಳುತ್ತಿದ್ದವಳು ಹನ್ನೊಂದು ಹೇಳಿದ್ದಳು.

“ಯವ್ವಾ, ಹೆಣ್ಣು ಒಪ್ಪಿಸೋ ಪದ?”

“ನೆಪ್ಪಿಗೆ ಬರವಲ್ದು.”

“ಮೊನ್ನೆ ಹೇಳಿದ್ಯಲ್ಲ!”

“ಆ ಮದುವಿ ಮಾತು ಆಡಿದ್ರ ಅದರ ಹಿಂದ ಪದ ಬರ್ತಿತ್ತಪಾ. ಬರೇ ಪದ ಅಂದ್ರ ಎಲ್ಲಿಂದ ಬರಬೇಕು?”

ಸಿದ್ದರಾಮೇಶ ಕೀಲಿಮಣೆ ಹತ್ತಿರಕ್ಕೆ ಎಳೆದುಕೊಂಡ. “ಹಂಗಾದ್ರ ಮಾತಾಡು. ಏನರ ಆಡು, ಎಲ್ಲಾ ಬರ್ಕೋತೀನಿ.”

“ಏನ್ ಆಡ್ಲಿ? ಯಾರಿಗೆ ಬೇಕಾಗೈತಿ?”

ಅವನು ಬೆರಳುಗಳನ್ನು ಕೀಲಿಗಳ ಮೇಲಿಟ್ಟು ಕಾದ. ಐದು ನಿಮಿಷವಾಯಿತು, ಹತ್ತಾಯಿತು. ಪರದೆ ಕಪ್ಪಾಗಲಿಲ್ಲ. ಗಿರಿಯಮ್ಮ ಮೊಣಕಾಲಿಗೆ ಕೈಯೂರಿ ಎದ್ದು ಒಳಗೆ ಹೋದಳು.