ದೀಪಾಳ ಮುಯ್ಯಿ

ಹಿರಿಯೂರಿನ ಹೊರಗಿನ ಗಾರ್ಮೆಂಟ್ಸ್‌ನಲ್ಲಿ ದೀಪಾ ಅಂಗಿಯ ಕಾಲರ್ ಹೊಲಿಯುತ್ತಿದ್ದಳು. ಬೆಳಗಿನಿಂದ ಸಂಜೆವರೆಗೆ ಕಾಲರ್, ಮರುದಿನವೂ ಅದೇ ಕಾಲರ್. ಇಡೀ ಅಂಗಿಯೊಂದನ್ನು ತನ್ನ ಕೈಯಾರೆ ಹೊಲಿಯುವ ಭಾಗ್ಯ ಅವಳಿಗೆ ಬಂದಿರಲಿಲ್ಲ. ಆ ಭಾಗ್ಯವೇನಿದ್ದರೂ ಹೊಸ ಮಾದರಿಗಳನ್ನು ಮೊದಲು ಹೊಲಿದು ನೋಡುವ ಸ್ಯಾಂಪಲ್ ವಿಭಾಗದವರದು. ಅದರ ಮುಂದೆ ಹಾಯುವಾಗೆಲ್ಲ ಅವಳ ನಡಿಗೆ ನಿಧಾನವಾಗುತ್ತಿತ್ತು.

ಅಂಥದ್ದರಲ್ಲಿ ಚಿತ್ರದುರ್ಗದ ಇನ್ನೊಂದು ಫ್ಯಾಕ್ಟರಿಯವರು ಅವಳನ್ನು ಕರೆದರು. ಸ್ಯಾಂಪಲ್ ಕೆಲಸವೇ, ಸಂಬಳವೂ ಹೆಚ್ಚು. ಕುಣಿದುಕೊಂಡು ಹೋಗಬೇಕಾದವಳು ಹೋಗದೆ ಇಲ್ಲೇ ಉಳಿದಳು.

ಕಾರಣ ಮುಯ್ಯಿ. ಅವಳು ಹುಟ್ಟಿದ ಜವನಗೊಂಡನಹಳ್ಳಿ ಕಡೆ ಕುರಿಗಳ ಉಣ್ಣೆ ಕತ್ತರಿಸುವ ದಿನ ನೆರೆಯವರು ಬಂದು ಕೈಹಚ್ಚಿದರೆ, ಅವರ ಮಂದೆಯ ಸರದಿ ಬಂದಾಗ ಇವರೂ ಹೋಗಲೇಬೇಕು. ಹೋಗದವನನ್ನು ಅಲ್ಲಿ ಮನುಷ್ಯರ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಗುವಿಗೆ ಕಾಯಿಲೆಯಾಗಿ ದೀಪಾ ಕೆಲಸದಲ್ಲಿ ಹಿಂದೆ ಬಿದ್ದಾಗ, ಲೈನಿನ ಸೂಪರ್‌ವೈಸರ್ ಆಶಾರಾಣಿ ಪಕ್ಕದ ಮಿಷನ್ನಿಗೆ ಕುಳಿತು ಇವಳ ಪಾಲಿನ ಕಾಲರ್ ಹೊಲಿದುಕೊಟ್ಟಿದ್ದಳು. ಅದಕ್ಕೆ ಪ್ರತಿಯಾಗಿ ಇಲ್ಲೇ ಇರಬೇಕೆಂದು ದೀಪಾ ತನಗೆ ತಾನೇ ತೀರ್ಪು ಕೊಟ್ಟುಕೊಂಡಿದ್ದಳು. ಇದ್ದಳು ನಿಜ, ಆದರೆ ಬೆಳಿಗ್ಗೆ ಕಂಪನಿ ಬಸ್ಸು ಹತ್ತಲು ಕಾಲೇ ಮುಂದಕ್ಕೆ ಬರುತ್ತಿರಲಿಲ್ಲ.

ಒಂದು ದಿನ ಊಟದ ಹೊತ್ತಿಗೆ ಆಶಾರಾಣಿ ಕೇಳಿಯೇಬಿಟ್ಟಳು. "ದುರ್ಗದೋರು ಕರ್ದವ್ರಂತೆ. ಯಾಕೆ ಹೋಗ್ಲಿಲ್ಲ?"

"ನಿಮ್ ಮುಯ್ಯಿ ಐತಲ್ಲಕ್ಕ."

ಆಶಾರಾಣಿಗೆ ಸಿಟ್ಟೇ ಬಂತು. "ಲೇ, ಮುಯ್ಯಿಗೆ ಬಂದೋರು ಕೆಲ್ಸ ಮುಗಿದ್ಮೇಲೆ ಮನಿಗೆ ಹೋಗ್ತಾರೆ. ಇಲ್ಲೇ ಕಟ್ಟಾಕ್ಕಳಾಕೆ ನೀನೇನು ಕುರಿಯಾ? ನಿಂಗೇನು ಬೇಕು, ಅದ್ನ ಹೇಳು."

ಇಷ್ಟು ವರ್ಷ ಅವಳನ್ನು ಯಾರೂ ಕೇಳದ ಮಾತು. ದೀಪಾಳ ಕಣ್ಣು ತುಂಬಿತು. "ಸ್ಯಾಂಪಲ್ ಮಾಡ್ಬೇಕಕ್ಕ," ಎಂದಳು.

ಊಟ ಅರ್ಧಕ್ಕೇ ಬಿಟ್ಟು ಆಶಾರಾಣಿ ಅವಳನ್ನು ಮ್ಯಾನೇಜರ್ ಪ್ರಸನ್ನಕುಮಾರ್ ಮುಂದೆ ನಿಲ್ಲಿಸಿದಳು. ಇವಳನ್ನು ಸ್ಯಾಂಪಲ್‌ಗೆ ಹಾಕಿ ಎಂದಳು. ಆತ ಮುಖ ಹಿಂಡಿದ.

"ನಿಮ್ ಲೈನಲ್ಲಿ ಕಾಲರ್ ಯಾರ್ರಿ ಹೊಲಿಯೋರು? ಟಾರ್ಗೆಟ್ ಬಿದ್ರೆ ಬೈಸ್ಕಳೋರು ನೀವೇ."

"ಬೈಸ್ಕಂತೀನಿ ಬಿಡ್ರಿ. ಇವಳು ದುರ್ಗಕ್ಕೆ ಹೋದ್ರೂ ನಂಗೆ ಕಾಲರ್ ಇಲ್ಲ, ಸ್ಯಾಂಪಲ್‌ಗೆ ಹೋದ್ರೂ ಇಲ್ಲ. ಸ್ಯಾಂಪಲ್‌ಗೇ ಹೋಗ್ಲಿ."

ಪ್ರಸನ್ನಕುಮಾರ್ ದೀಪಾಳ ಹೆಸರನ್ನು ಸ್ಯಾಂಪಲ್ ಪಟ್ಟಿಗೆ ಬರೆದುಕೊಂಡ. ದೀಪಾ ಮುಂದಿನ ಸೋಮವಾರವೇ ಹೊಸ ಜಾಗಕ್ಕೆ ಹೋದಳು.

ಕೆಲವು ದಿನಗಳ ಮೇಲೆ ದುರ್ಗದವರು ಮತ್ತೆ ಫೋನು ಮಾಡಿ, ಸಂಬಳ ಇನ್ನೂ ಏರಿಸುತ್ತೇವೆ ಎಂದರು. "ಇಲ್ಲೇ ಇರ್ತೀನ್ರಿ," ಎಂದಳು ದೀಪಾ. ಯಾರಿಗೋ ಏನನ್ನೋ ತೀರಿಸಲೆಂದು ಆಡಿದ ಮಾತಾಗಿರಲಿಲ್ಲ ಅದು. ಮಿಷನ್ ಮೇಲಿದ್ದ ಅಂಗಿಗೆ ಇನ್ನೊಂದು ತೋಳು ಕೂಡಿಸುವುದಿತ್ತು, ಅವಳು ಫೋನು ಇಟ್ಟು ಬೇಗ ಹೋಗಿ ಕುಳಿತಳು.