ಲಿಂಗಣ್ಣ ಕಾಕಾನ ಹೆಬ್ಬೆರಳು

ಲಿಂಗಣ್ಣ ಕಾಕಾ ಜೀವಮಾನದಲ್ಲಿ ಒಂದೇ ಒಂದು ವಿಡಿಯೋ ಗೇಮ್ ಆಡಿದವರಲ್ಲ. ಆದರೆ ಗೇಮ್ ಆಡುವ ಕಂಟ್ರೋಲರ್‌ಗಳನ್ನು ಅವರಷ್ಟು ಬಲ್ಲವರನ್ನು ನಾನು ಹೈದರಾಬಾದಿನಲ್ಲಿ ಕಂಡಿಲ್ಲ. ಹಳೇ ವರ್ಷನ್‌ನದೊಂದು, ಹೊಸ ವರ್ಷನ್‌ನದೊಂದು ಅವರ ಮುಂದಿಟ್ಟು, ಮೇಲೆ ಕಪ್ಪು ಬಟ್ಟೆ ಮುಚ್ಚಿದರೆ, ಬಟ್ಟೆಯ ಕೆಳಗೆ ಕೈ ತೂರಿಸಿ ಎರಡೇ ಸಲ ಗುಂಡಿ ಒತ್ತಿ, ಯಾವುದು ಹಳೇದು ಯಾವುದು ಹೊಸದು ಎಂದು ಹೇಳಿಬಿಡುತ್ತಿದ್ದರು. ಆ ಗುಂಡಿ ಒತ್ತಿದರೆ ಪರದೆಯ ಮೇಲೆ ಏನಾಗುತ್ತದೆ ಗೊತ್ತೇ ಎಂದು ನಾನೊಮ್ಮೆ ಕೇಳಿದ್ದೆ.

"ಯಾರರೆ ಜಿಗೀತಾರ, ಇಲ್ಲಾ ಯಾರರೆ ಸಾಯ್ತಾರ. ನಮಗ್ಯಾಕ ಬೇಕವ್ವ ಅದು?" ಅಂದಿದ್ದರು.

ನಾನು ಸಪ್ನಾ. ಉಪ್ಪಲ್‌ನ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಕಾಕಾನ ಪಕ್ಕದ ಕುರ್ಚಿಯಲ್ಲಿ ಐದು ವರ್ಷ ಕೂತವಳು. ನಮ್ಮ ಅಪ್ಪ ಅವ್ವ ಲಿಂಗಸುಗೂರಿನ ಕಡೆಯಿಂದ ಗಾರೆ ಕೆಲಸಕ್ಕೆಂದು ಇಲ್ಲಿಗೆ ಬಂದವರು. ಉಪ್ಪಲ್‌ನ ಇಂಥ ಎಷ್ಟೋ ಕಟ್ಟಡಗಳಿಗೆ ಅವ್ವ ಬುಟ್ಟಿ ಹೊತ್ತಿದ್ದಾಳೆ. ಮಗಳು ಅಂಥದೇ ಕಟ್ಟಡದ ಏಸಿಯಲ್ಲಿ ಕೂರುತ್ತಾಳೆಂದು ಅವಳಿಗೆ ಭಾರಿ ಹೆಮ್ಮೆ. ಕೂತು ಏನು ಮಾಡುತ್ತೇನೆಂದು ಹೇಳಿದರೆ ಮಾತ್ರ ನಂಬುವುದಿಲ್ಲ.

ನಂಬುವ ಹಾಗೂ ಇಲ್ಲ ಬಿಡಿ. ಕಂಟ್ರೋಲರ್ ತಯಾರಿಸುವವರು ಎರಡು ಮೂರು ವರ್ಷಕ್ಕೊಮ್ಮೆ ಹೊಸ ವರ್ಷನ್ ತರುತ್ತಾರೆ. ಹೊರಗಿನ ಚಿಪ್ಪು ಅದೇ, ತೂಕವೂ ಅದೇ. ಒಳಗೆ ಗುಂಡಿಯ ಕೆಳಗಿನ ರಬ್ಬರ್ ಬೇರೆ, ಹೆಬ್ಬೆರಳಿನಿಂದ ಆಡಿಸುವ ಕಡ್ಡಿಯ ಸ್ಪ್ರಿಂಗ್ ಬೇರೆ. ಮಷಿನ್‌ಗೆ ಹಾಕಿದರೆ ಎರಡೂ ಪಾಸ್. ಆದರೆ ಆಡುವವರು ಇದು ಹಳೇದರ ಹಾಗಿಲ್ಲ ಎಂದು ಬೊಬ್ಬೆ ಹೊಡೆಯುತ್ತಾರೆ. ಏನು ಹಾಗಿಲ್ಲ ಎಂದು ಕೇಳಿದರೆ ಹೇಳಲು ಅವರಿಗೂ ಬರುವುದಿಲ್ಲ. ಹೇಳಲು ಬರುತ್ತಿದ್ದುದು ಲಿಂಗಣ್ಣ ಕಾಕಾನ ಹೆಬ್ಬೆರಳಿಗೆ. ತಯಾರಕರಿಗೆ ಕಂಟ್ರೋಲರ್ ಪರೀಕ್ಷಿಸಿ ಕೊಡುವ ನಮ್ಮ ಕಂಪನಿ ಅವರನ್ನು ಇಟ್ಟುಕೊಂಡಿದ್ದೇ ಅದಕ್ಕೆ.

ಕಾಕಾ ಮೂಲತಃ ಬಾಗಲಕೋಟೆಯವರು. ಇಲ್ಲಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಸ್ವಿಚ್‌ಗಳನ್ನು ಒತ್ತಿ ಒತ್ತಿ ಪಾಸು, ನಪಾಸು ಮಾಡಿದವರು. ಆ ಸ್ವಿಚ್ ಒತ್ತಿದರೆ ಏನಾಗುತ್ತದೆಂದು ಅಲ್ಲೂ ಅವರಿಗೆ ಯಾರೂ ಹೇಳಿರಲಿಲ್ಲವಂತೆ. ಅವರ ವಿಭಾಗ ಮುಚ್ಚಿದ ಮೇಲೆ ಈ ಕಂಪನಿಗೆ ಬಂದರು. ಇಂಗ್ಲಿಷ್ ಅಷ್ಟಕ್ಕಷ್ಟೆ. ಹಾಗಾಗಿ ಅವರು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷ್‌ನಲ್ಲಿ ಟೈಪ್ ಮಾಡುವುದು.

"ಹಳೇದು ನೆನಸಿದ ಅವರಿಕಾಳು ಹಿಚುಕಿದಂಗವ್ವ, ಟಪ್ ಅಂತ ಬಿಡತೈತಿ. ಹೊಸಾದು ನಾದಿದ ಹಿಟ್ಟಿನಾಗ ಬೆರಳಿಟ್ಟಂಗ. ಹೋಗೂದೇನೋ ಹೋಗತೈತಿ, ವಾಪಸ್ ಬರೂದು ತಡ."

ನನ್ನ ಇಂಗ್ಲಿಷ್‌ಗೆ ಅವರೆಕಾಳು ಎಲ್ಲಿಂದ ಬರಬೇಕು? 'ರಿಟರ್ನ್ ಸ್ಲೋ' ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದೆ. ಅಷ್ಟಕ್ಕೇ ಒಂದು ಸಲ ತಯಾರಕರು ರಬ್ಬರನ್ನೇ ಬದಲಿಸಿದರು. ಅವತ್ತು ಕಾಕಾ ಇಡೀ ಮಹಡಿಗೆ ಬರ್ಫಿ ಹಂಚಿದರು.

ಹಳೇದೆಂದರೆ ಒಳ್ಳೆಯದು ಎನ್ನುವ ವಯಸ್ಸಾದವರ ಚಾಳಿ ಅವರಿಗಿರಲಿಲ್ಲ. "ಕೈ ಏನ್ ಹೇಳತೈತಿ ಅಷ್ಟ ಬರಿ" ಎನ್ನುವರು. ಒಂದು ಸಲ ನಾನು ತಮಾಷೆಗೆ ಬಟ್ಟೆಯ ತುದಿ ಎತ್ತಿ, "ಎಡಕ್ಕಿರೋದು ಹಳೇದು ನೋಡ್ರಿ ಕಾಕಾ" ಎಂದು ಪಿಸುಗುಟ್ಟಿದೆ. ಬಟ್ಟೆಯ ಕೆಳಗಿಂದ ಕೈ ತೆಗೆದುಕೊಂಡು ಎದ್ದು ಹೋದರು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಬಂದು, "ಇನ್ಸ್‌ಪೆಕ್ಷನ್ ಅಂದ್ರ ಆಣಿ ಮಾಡಿದಂಗವ್ವ, ಅದರಾಗ ಚಾಷ್ಟಿ ಮಾಡಬಾರದು" ಅಂದರು. ನನಗೆ ಸಿಟ್ಟೂ ಬಂತು, ಮುಖ ಎತ್ತಲಾಗದಷ್ಟು ನಾಚಿಕೆಯೂ ಆಯಿತು.

ಹೋದ ವರ್ಷ ಮಳೆಗಾಲದಲ್ಲಿ ಒಂದು ದಿನ ಕಾಕಾ ಒಂದೇ ಚಪ್ಪಲಿಯಲ್ಲಿ ಕೆಲಸಕ್ಕೆ ಬಂದರು. ಮಲ್ಕಾಜ್‌ಗಿರಿಯ ಮನೆಯಿಂದ ಉಪ್ಪಲ್‌ವರೆಗೆ ಬಂದು, ಲಿಫ್ಟ್ ಹತ್ತಿ, ಕುರ್ಚಿಯಲ್ಲಿ ಕೂತ ಮೇಲೆ ನಾನು ತೋರಿಸಿದಾಗಲೇ ಅವರಿಗೆ ಗೊತ್ತಾಗಿದ್ದು. ಎಡಗಾಲಿನದು ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು. ಇಡೀ ಮಹಡಿ ಹೊಟ್ಟೆ ಹಿಡಿದು ನಕ್ಕಿತು. "ಮನ್ಯಾಗ ಕಾಕು ಕಸಗೊಂಡ ಇಟಗೊಂಡಾರೇನ್ರಿ, ಓಡಿ ಹೋಗಬಾರದಂತ?" ಎಂದು ನಾನೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದೆ. ಕಾಕಾ ಕೂಡ ನಕ್ಕರು. ಬರಿಗಾಲು ರಸ್ತೆ ಮುಟ್ಟಿದ್ದು ಒಬ್ಬ ಮನುಷ್ಯನಿಗೆ ಯಾಕೆ ಗೊತ್ತಾಗಲಿಲ್ಲ ಎಂದು ನಮ್ಮಲ್ಲಿ ಒಬ್ಬರೂ ಯೋಚಿಸಲಿಲ್ಲ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ದೀಪಾವಳಿ ಕಳೆದ ಮೇಲೆ ಅವರು ಫ್ಯಾನ್ ಆರಿಸಲು ಹೇಳತೊಡಗಿದರು. ಬಾಗಿಲು ಹಾಕು, ಫೋನ್ ಸುಮ್ಮನಿರಿಸು ಎನ್ನುವರು. ವಯಸ್ಸಾಯಿತು, ಕಿರಿಕಿರಿ ಅಂದುಕೊಂಡೆ. ಒಂದು ದಿನ ಮೇಲಿನ ಮಹಡಿಯಲ್ಲಿ ಡ್ರಿಲ್ಲಿಂಗ್ ಶುರುವಾಯಿತು. ಅವತ್ತು ಕಾಕಾ ಹಳೇದನ್ನು ಹೊಸದು ಅಂದರು, ಹೊಸದನ್ನು ಹಳೇದು ಅಂದರು, ಆಮೇಲೆ ಎರಡೂ ಒಂದೇ ಅಂದರು. ಐದು ವರ್ಷದಲ್ಲಿ ಅಂಥದ್ದು ನಾನು ಕಂಡಿರಲಿಲ್ಲ. ಚಹಾಕ್ಕೆ ಕೆಳಗಿಳಿದಾಗ ಅವರ ಹೆಬ್ಬೆರಳಿನ ಮೇಲೆ ದೊಡ್ಡ ಬೊಬ್ಬೆ ಕಾಣಿಸಿತು. ಸುಟ್ಟದ್ದು.

"ಇದೇನ್ರಿ ಕಾಕಾ?"

ಅವರು ತಮ್ಮ ಬೆರಳನ್ನು ಬೇರೆ ಯಾರದೋ ಬೆರಳಿನಂತೆ ನೋಡಿದರು. ಆಮೇಲೆ ಹೇಳಿದರು. ಸಕ್ಕರೆ ಕಾಯಿಲೆ ನರಗಳನ್ನು ತಿಂದುಹಾಕಿತ್ತು. ಮೊದಲು ಪಾದ, ಈಗ ಎರಡೂ ಕೈಯ ಬೆರಳು. ಗುಂಡಿ ಒತ್ತಿದ ಸದ್ದು ಕೇಳಿ ಕೇಳಿ ಮೂರು ತಿಂಗಳಿಂದ ಕೆಲಸ ನಡೆಸಿದ್ದರು.

"ಡಾಕ್ಟರ್ ಏನಂದ್ರು?"

"ಹೋದದ್ದು ವಾಪಸ್ ಬರಂಗಿಲ್ಲ, ಇದ್ದದ್ದು ಉಳಿಸ್ಕೋ ಅಂದ್ರು. ಉಳಿಸಾಕ ಏನೂ ಇಲ್ಲವ್ವ." ಆಮೇಲೆ ಕೇಳಿದರು, "ಕಿವಿನೂ ನಂದ ಅಲ್ಲೇನು? ಕಿವೀಲೆ ಹೇಳಿದ್ರ ಸುಳ್ಳು ಆಗತೈತೇನು?"

ಸುಳ್ಳಾಗುವುದಿಲ್ಲ ಎಂದೆ.

ನಮ್ಮ ಸೂಪರ್‌ವೈಸರ್ ಸಾಯಿಕುಮಾರ್ ಕೆಟ್ಟವನಲ್ಲ. ಮೇಲಿನವರಿಂದ ಬಂದ ಮೇಲ್ ಓದಿ ಕೆಳಗಿನವರಿಗೆ ಹೇಳುವುದೇ ಅವನ ನೌಕರಿ. ಫೆಬ್ರವರಿಯಲ್ಲಿ ಅಂಥದೊಂದು ಮೇಲ್ ಓದಿದ. ವರ್ಷಕ್ಕೊಮ್ಮೆ ನಡೆಯುವ ನಮ್ಮ ಕೈಗಳ ಪರೀಕ್ಷೆ ಈ ಸಲ ಬಿಗಿ. ಆರು ಪೀಸ್, ಮೂರು ಹಳೇದು, ಮೂರು ಹೊಸದು. ಆರರಲ್ಲಿ ಐದಾದರೂ ಸರಿ ಹೇಳಬೇಕು, ಇಲ್ಲದಿದ್ದರೆ ಕೆಲಸದವರ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ಹೊಸ ವರ್ಷನ್‌ನ ಸದ್ದು ಕಡಿಮೆ, ಹಾಗಾಗಿ ಕೇಳಿ ಗುರುತಿಸಬಾರದೆಂದು ಎಲ್ಲರ ಕಿವಿಗೂ ಹೆಡ್‌ಫೋನಿನಂಥ ಮುಚ್ಚಳ. ಕಾಕಾ ತಲೆಯಾಡಿಸಿದರು.

ಪರೀಕ್ಷೆಯ ಹಿಂದಿನ ದಿನ ಅವರ ಹೆಂಡತಿ ಶೋಭಾ ಕಾಕು ನನಗೆ ಫೋನ್ ಮಾಡಿದರು.

"ಸಪ್ನಾ, ಕಾಯಿಪಲ್ಲೆ ಗಾಡಿ ಮುಂದ ನಿಂತ್ರ ಬದನಿಕಾಯಿ ಎಳೇದೋ ಬಲ್ತದ್ದೋ ನನ್ನ ಕೇಳ್ತಾರವ್ವ. ಮದಿವಿ ಆದಾಗಿಂದ ನಂಗ ಮುಟ್ಟಾಕ ಬಿಟ್ಟವರಲ್ಲ ಅವರು. ಆ ಕುರ್ಚಿ ಒಂದು ಹೋತಂದ್ರ ಮನ್ಯಾಗ ಬೆರಳ ನೋಡಕೋಂತ ಕುಂತಬಿಡ್ತಾರ. ರೊಕ್ಕದ ಮಾತಲ್ಲವ್ವ ಇದು. ಏನರೆ ಮಾಡಾಕ ಬರತೈತೇನು?"

ಮಾಡಲು ಬರುತ್ತಿತ್ತು. ಪೀಸ್‌ಗಳನ್ನು ಟ್ರೇಯಲ್ಲಿ ಜೋಡಿಸಿಡುವವಳು ನಾನೇ. ಮರುದಿನ, ಶುಕ್ರವಾರ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋದೆ. ರಿಪೇರಿ ಮೇಜಿನ ಸ್ಕ್ರೂಡ್ರೈವರ್ ತಗೊಂಡು, ಮೂರು ಹಳೇ ಪೀಸ್‌ಗಳ ಬೆನ್ನ ಮೇಲೆ, ನಟ್ಟನಡುವೆ, ಒಂದೊಂದು ಗೀಟು ಎಳೆದೆ. ಮೆತ್ತಗೆ ಎಳೆದರೆ ಅವರಿಗೆ ಸಿಗಲಿಕ್ಕಿಲ್ಲವೆಂದು ಮೈಭಾರ ಹಾಕಿ ಎಳೆದೆ. ಗೀಟಿನ ಎರಡೂ ಬದಿ ಪ್ಲಾಸ್ಟಿಕ್ ಸಿಬಿರೆದ್ದಿತು. ಸರಿಯಾಗಿದೆಯೇ ಎಂದು ಸವರಿ ನೋಡಿದ್ದಕ್ಕೆ ನನ್ನ ಬೆರಳು ಸರ್ರನೆ ಕೊಯ್ದು ರಕ್ತ ಬಂತು. ಟೇಪ್ ಸುತ್ತಿಕೊಂಡೆ.

ಹನ್ನೊಂದಕ್ಕೆ ಕಾಕಾನ ಸರದಿ. ಸಾಯಿಕುಮಾರ್ ಎದುರಿಗೆ ಹಾಳೆ ಹಿಡಿದು ಕೂತಿದ್ದ. ಆ ಮಹಡಿಯಲ್ಲಿ ಕನ್ನಡ ಬರುವುದು ನಮ್ಮಿಬ್ಬರಿಗೆ ಮಾತ್ರ. ಕಿವಿ ಮುಚ್ಚಳ ಕೊಡುತ್ತಾ, ಊಟದ ವಿಷಯ ಕೇಳುವವಳ ಹಾಗೆ ನಗುನಗುತ್ತಾ ಹೇಳಿದೆ:

"ಕಾಕಾ, ಹಳೇವಕ್ಕ ಬೆನ್ನ ಮ್ಯಾಲ ಗೀಟು ಹಾಕೀನ್ರಿ. ಮಗಚಿ ಹೆಬ್ಬಟ್ಟು ಆಡಿಸ್ರಿ, ಸಿಗತೈತಿ."

ಕಾಕಾ ನನ್ನ ಮುಖ ನೋಡಿದರು. ಬೈಯಲಿಲ್ಲ. ಎದ್ದು ಹೋಗಲಿಲ್ಲ. ಮುಚ್ಚಳ ಹಾಕಿಕೊಂಡು ಬಟ್ಟೆಯ ಕೆಳಗೆ ಕೈ ತೂರಿಸಿದರು.

ಮೊದಲ ಪೀಸ್ ಹಳೇದು. ಬಟ್ಟೆ ಅಲ್ಲಾಡಿತು, ಪೀಸ್ ಮಗುಚಿಕೊಂಡಿತು. ಹೆಬ್ಬೆರಳು ನಡುವಿಗೆ ಬಂದು ಹಿಂದೆ ಮುಂದೆ ಆಡಿತು. ಸಿಕ್ಕಿತು ಅಂದುಕೊಂಡೆ. "ಹೊಸದು" ಅಂದರು. ಎರಡನೆಯದೂ ಹಳೇದೇ. ಅದೇ ರೀತಿ ಮಗುಚಿದರು, ಅದೇ ಜಾಗದಲ್ಲಿ ಬೆರಳು ಆಡಿಸಿದರು, ಇನ್ನೂ ಹೆಚ್ಚು ಹೊತ್ತು. ಮತ್ತೆ "ಹೊಸದು" ಅಂದರು.

ನನಗೆ ಮೈಯೆಲ್ಲ ಉರಿಯಿತು. ಹಠ, ಬರೀ ಹಠ! ಗೀಟು ಕೈಗೆ ಸಿಕ್ಕಿದೆ, ಬೇಕೆಂದೇ ಉಲ್ಟಾ ಹೇಳುತ್ತಿದ್ದಾರೆ ಅಂದುಕೊಂಡೆ. ಬಟ್ಟೆ ಎತ್ತಿದ್ದಕ್ಕೆ ಎರಡು ದಿನ ಮಾತು ಬಿಟ್ಟ ಮನುಷ್ಯ ಇವತ್ತು ಬಗ್ಗುತ್ತಾರೆಯೇ? ನಿಮ್ಮ ಆಣೆ ಪ್ರಮಾಣ ಕಟ್ಟಿಕೊಂಡು ಈ ಕಂಪನಿಗೆ ಏನಾಗಬೇಕು ಎಂದು ಅಲ್ಲೇ ಕೂಗಬೇಕೆನಿಸಿತು. ಹಲ್ಲು ಕಚ್ಚಿ ನಿಂತೆ. ಆರೂ ಪೀಸ್ ಮುಗಿದವು. ಆರರಲ್ಲಿ ಮೂರು ಸರಿ. ಬಾಯಿಗೆ ಬಂದದ್ದು ಹೇಳಿದವರಿಗೂ ಮೂರು ಬರುತ್ತದೆ.

ಸಾಯಿಕುಮಾರ್ ಹಾಳೆಯ ಮೇಲೆ ಬರೆದ. ಎದ್ದು ನಿಂತು ಕಾಕಾನ ಭುಜ ಮುಟ್ಟಿ, "ಸಾರಿ ಲಿಂಗಣ್ಣಗಾರು" ಅಂದ. ಕಾಕಾ ಕಿವಿ ಮುಚ್ಚಳವನ್ನು ತೆಗೆದು, ಅದರ ವೈರು ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯ ಮುಚ್ಚಳ ಹಾಕಿದರು.

ಇಬ್ಬರೂ ಚಹಾಕ್ಕೆ ಕೆಳಗಿಳಿದೆವು. ಮೆಟ್ರೋ ಕಂಬದ ಪಕ್ಕದ ಅಂಗಡಿ. ನಾನು ಸಿಟ್ಟಿನಲ್ಲಿ ಅವರ ಮುಖ ನೋಡದೆ ನಿಂತಿದ್ದೆ. ಅವರೇ ಮಾತು ತೆಗೆದರು.

"ನಿನ್ನ ಮುಂದ ಸುಳ್ಳು ಹೇಳಂಗಿಲ್ಲವ್ವ. ನಾ ಹುಡುಕಿದೆ. ಇಪ್ಪತ್ತಾರು ವರ್ಷ ಅಲ್ಲಿ, ಐದು ವರ್ಷ ಇಲ್ಲಿ, ಒಂದ ದಿನ ಹಂಗ ಮಾಡಿದವನಲ್ಲ. ಇವತ್ತು ಮಾಡಿದೆ. ಒಂದೊಂದ ಪೀಸು ಮಗಚಿ ಮಗಚಿ, ಕಳ್ಳನಂಗ ಹುಡುಕಿದೆ."

ನಾನು ಅವರತ್ತ ತಿರುಗಿದೆ.

"ಗೀಟು ಇರಲಿಲ್ಲ. ಹಾಕತೀನಿ ಅಂದಕೊಂಡಿದ್ದಿ, ಕಡೀಕ ಮನಸ್ಸು ಒಪ್ಪಿರಲಿಕ್ಕಿಲ್ಲ ನಿಂಗ. ನಂಗ ಧೈರ್ಯ ಬರಲಂತ ಬಾಯಿಮಾತಿಗೆ ಹೇಳಿದಿ, ಹೌದಲ್ಲೋ? ಛಲೋ ಮಾಡಿದಿ ತಂಗಿ. ನಾ ಕಲಿಸಿದ್ದು ನೀ ಇಟಗೊಂಡಿ. ನಾನ ಬಿಟ್ಟೆ."

ಹೇಳುತ್ತಾ ಅವರು ನಕ್ಕರು. ಕಣ್ಣಲ್ಲಿ ನೀರಿತ್ತು. ಕಾಗದದ ಕಪ್ಪನ್ನು ಹಿಡಿದ ಅವರ ಹೆಬ್ಬೆರಳು ನನ್ನ ಕಣ್ಣ ಮುಂದೆಯೇ ಇತ್ತು. ಅದರ ಮೇಲೆ ಅಡ್ಡಕ್ಕೆ ಒಂದರ ಪಕ್ಕ ಒಂದು ಮೂರು ನಾಲ್ಕು ತೆಳ್ಳನೆಯ ಗಾಯ. ಒಂದರಿಂದ ರಕ್ತ ಇಳಿದು ಬಿಳಿ ಕಪ್ಪಿನ ಮೇಲೆ ಹರಿಯುತ್ತಿತ್ತು. ನನ್ನ ಬೆರಳನ್ನು ಒಂದೇ ಸಲಕ್ಕೆ ಕೊಯ್ದ ಆ ಸಿಬಿರಿನ ಮೇಲೆ ಅವರು ಅಷ್ಟು ಹೊತ್ತು ಬೆರಳು ಆಡಿಸಿದ್ದರು.

"ಹೌದ್ರಿ ಕಾಕಾ," ಅಂದೆ, "ಹಾಕಾಕ ಧೈರ್ಯ ಆಗಲಿಲ್ಲ."

ಅವರು ತಲೆಯಾಡಿಸಿದರು. ನಾನು ಓಢಣಿಯ ತುದಿ ಹಿಡಿದು ಅವರ ಕೈ ತಗೊಂಡೆ.

"ಏನವ್ವ?"

"ಚಹಾ ಚೆಲ್ಲೈತ್ರಿ," ಅಂದು ಒರೆಸಿದೆ.